ಜಟಕಾ ಸಾಬಿಯೂ ಕಚೇರಿಯ ಸಾಹೇಬನೂ

ಸರ್ಕಾರಿ ಸೇವೆಯಲ್ಲಿದ್ದ ಮೂರೂವರೆ ದಶಕಗಳಲ್ಲಿ ಜನ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ‘ಸಾಹೇಬರು ಇದ್ದಾರೆಯೇ?’, ‘ಸಾಹೇಬರ ಸಹಿ ಆಯಿತೇ?’ ಎಂದು ಬಾಗಿಲಲ್ಲಿ ವಿಚಾರಿಸುತ್ತಿದ್ದರು. ನಿವೃತ್ತನಾದ ಮರುದಿನ ಆ ಪದ ನನ್ನನ್ನು ಬಿಟ್ಟು ಕುರ್ಚಿಯಲ್ಲಿಯೇ ಉಳಿಯಿತು. ಅದು ಸಹಜವೇ. ಆದರೆ ಈ ಪದವನ್ನು ನಾನು ಮೊದಲು ಕೇಳಿದ್ದು ಕಚೇರಿಯಲ್ಲಲ್ಲ. 1960ರ ದಶಕದ ಕೊನೆಯಲ್ಲಿ, ಹಳೆಯ ಮೈಸೂರು ಸೀಮೆಯ ಒಂದು ಸಣ್ಣ ಊರಿನ ರೈಲು ನಿಲ್ದಾಣದ ಹೊರಗೆ. ಅಲ್ಲಿ ಅದು ಜಟಕಾ ಓಡಿಸುವವನ ಹೆಸರಾಗಿತ್ತು. ‘ಏ ಸಾಬಿ, ಕೋಟೆ ಬೀದಿಗೆ ಬರ್ತೀಯಾ?’ ಎಂದು ನನ್ನ ಅಜ್ಜಿ ಕೂಗಿದರೆ ಸಾಲಿನ ಮೊದಲ ಗಾಡಿ ಮುಂದೆ ಬರುತ್ತಿತ್ತು. ಸಾಬಿ ಎಂಬುದು ಸಾಹೇಬ ಎಂಬುದರ ಸವೆದ ರೂಪವೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಒಂದೇ ಪದ ಒಬ್ಬನನ್ನು ಕುರ್ಚಿಯಲ್ಲಿ ಕೂರಿಸಿ, ಇನ್ನೊಬ್ಬನನ್ನು ಏಕವಚನದಲ್ಲಿ ಕೂಗಲು ಒದಗಿಬಂದ ಬಗೆಯನ್ನು ಕುರಿತು ಈಚಿನ ದಿನಗಳಲ್ಲಿ ನಾನು ಮತ್ತೆ ಮತ್ತೆ ಯೋಚಿಸುತ್ತಿದ್ದೇನೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಜಟಕಾವನ್ನು ಕಂಡರಿಯದ ತಲೆಮಾರಿಗಾಗಿ ಎರಡು ಮಾತು. ಎರಡು ಚಕ್ರ, ಮೇಲೆ ಕಮಾನಿನ ಚಾವಣಿ, ಒಳಗೆ ಹುಲ್ಲಿನ ಮೇಲೆ ಹಾಸಿದ ಗೋಣಿ ಅಥವಾ ಮಾಸಿದ ಜಮಖಾನ. ಪ್ರಯಾಣಿಕರು ಕಾಲು ಮಡಚಿಕೊಂಡು ಕೂರಬೇಕು. ಎರಡೇ ಚಕ್ರಗಳಾದ್ದರಿಂದ ತೂಕದ ಲೆಕ್ಕ ಬಹಳ ಮುಖ್ಯ. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಕುದುರೆಯ ಬೆನ್ನಿಗೆ ಬೀಳುತ್ತದೆ. ಆದ್ದರಿಂದಲೇ ‘ಸ್ವಾಮಿ, ಸ್ವಲ್ಪ ಮುಂದೆ ಬನ್ನಿ’, ‘ಅಮ್ಮಾವರು ಹಿಂದೆ ಸರೀರಿ’ ಎಂಬ ಸೂಚನೆಗಳು ದಾರಿಯುದ್ದಕ್ಕೂ ನಡೆಯುತ್ತಿದ್ದವು. ಊರಿನ ಗಣ್ಯರು ಯಾರ ಮಾತನ್ನು ಕೇಳದಿದ್ದರೂ ಜಟಕಾದೊಳಗೆ ಸಾಬಿಯ ಮಾತನ್ನು ಕೇಳಲೇಬೇಕಾಗಿತ್ತು.

‘ಸಾಹಿಬ್’ ಅರಬ್ಬಿ ಪದ. ಅದರ ಮೂಲ ಧಾತುವಿಗೆ ಜೊತೆಗೂಡು, ಒಡನಿರು ಎಂಬ ಅರ್ಥ. ಪ್ರವಾದಿ ಮಹಮ್ಮದರ ಒಡನಾಡಿಗಳನ್ನು ‘ಸಹಾಬಾ’ ಎನ್ನುವುದು ಇದೇ ಧಾತುವಿನಿಂದ. ಒಡನಾಡಿ ಎಂಬ ಅರ್ಥದ ಜೊತೆಗೆ ಅರಬ್ಬಿಯಲ್ಲಿಯೇ ಒಡೆಯ ಎಂಬ ಅರ್ಥವೂ ಇತ್ತು. ಪಾರಸಿ ಮತ್ತು ಹಿಂದೂಸ್ತಾನಿಯ ಮೂಲಕ ನಮ್ಮಲ್ಲಿಗೆ ಬರುವ ಹೊತ್ತಿಗೆ ಒಡೆಯನೇ ಮುಂದಾಗಿ ಒಡನಾಡಿ ಹಿಂದೆ ಸರಿದಿದ್ದ. ಇಂಗ್ಲಿಷ್ ಅಧಿಕಾರಿ ಸಾಹೇಬನಾದ, ಅವನು ಹೋದ ಮೇಲೆ ಅವನ ಜಾಗದಲ್ಲಿ ಕುಳಿತ ನಮ್ಮಂಥವರು ಸಾಹೇಬರಾದೆವು. ಇತ್ತ ಮುಸ್ಲಿಮರ ಹೆಸರಿನ ಕೊನೆಯಲ್ಲಿ ಗೌರವಕ್ಕಾಗಿ ಬರುತ್ತಿದ್ದ ‘ಸಾಹೇಬ’ ಕನ್ನಡದ ಬಾಯಲ್ಲಿ ಸಾಬ, ಸಾಬಿ ಎಂದಾಗಿ ಇಡೀ ಸಮುದಾಯಕ್ಕೆ ಅಂಟಿತು. ಜಟಕಾ ಓಡಿಸುವವರಲ್ಲಿ ಬಹುಮಂದಿ ಮುಸ್ಲಿಮರಾಗಿದ್ದರಿಂದ ಅದು ಆ ವೃತ್ತಿಯ ಹೆಸರೂ ಆಯಿತು. ನಮ್ಮ ಊರಿನ ಸಾಲಿನಲ್ಲಿ ಹಣೆಗೆ ವಿಭೂತಿ ಇಡುತ್ತಿದ್ದ ಒಬ್ಬ ಚಾಲಕರಿದ್ದರು. ಅವರನ್ನೂ ನಮ್ಮ ಓಣಿಯ ಹೆಂಗಸರು ಸಾಬಿ ಎಂದೇ ಕರೆಯುತ್ತಿದ್ದರು, ಅವರೂ ಓಗೊಡುತ್ತಿದ್ದರು.

ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ಪ್ರಕಟವಾದದ್ದು 1943ರಲ್ಲಿ. ಅದರ ಅತ್ಯಂತ ಪ್ರಸಿದ್ಧ ಪದ್ಯವೊಂದರಲ್ಲಿ ಬಾಳನ್ನು ಜಟಕಾಕ್ಕೆ ಹೋಲಿಸಿ, ಮನುಷ್ಯನನ್ನು ಕುದುರೆಯಾಗಿಸಿ, ಓಡಿಸುವವನ ಜಾಗದಲ್ಲಿ ವಿಧಿಯನ್ನು ಕೂರಿಸಲಾಗಿದೆ. ಓಡಿಸುವವನಿಗೆ ಅಲ್ಲಿ ಬಳಸಿರುವ ಪದ ‘ಸಾಹೇಬ’. ಈಚೆಗೆ ಕಾಲೇಜೊಂದರಲ್ಲಿ ಮಾತನಾಡುವಾಗ ಈ ಪದದ ಅರ್ಥವೇನೆಂದು ಕೇಳಿದೆ. ‘ಅಧಿಕಾರಿ’, ‘ಯಜಮಾನ’ ಎಂಬ ಉತ್ತರಗಳು ಬಂದವು. ಜಟಕಾ ಓಡಿಸುವವನೆಂದು ಯಾರೂ ಹೇಳಲಿಲ್ಲ. ತಪ್ಪು ಆ ಮಕ್ಕಳದಲ್ಲ. ಆದರೆ ಪದ್ಯದ ಸೊಗಸು ಇರುವುದೇ ಅಲ್ಲಿ: ಎಲ್ಲರ ಬಾಳನ್ನೂ ನಡೆಸುವ ವಿಧಿಗೆ ಕವಿ ಕೊಟ್ಟದ್ದು ಸಿಂಹಾಸನವನ್ನಲ್ಲ, ಬೀದಿಯ ಜಟಕಾದ ಮೂಕಿಯ ಬದಿಯ ಜಾಗವನ್ನು. ವೃತ್ತಿ ಹೋದ ಕೂಡಲೇ ಪದದ ಒಂದು ಅರ್ಥವೂ ಹೋಯಿತು, ಪದ್ಯದ ಅರ್ಧ ನಗೆಯೂ ಹೋಯಿತು.

ಬಾಡಿಗೆ ಗಾಡಿಗಳ ಹೆಸರುಗಳೇ ಒಂದು ಕುತೂಹಲದ ಪಟ್ಟಿ. ಹಿಂದಿಯ ‘ಝಟಕಾ’ ಎಂದರೆ ಕುಲುಕು, ಥಟ್ಟನೆಯ ಎಳೆತ. ಜಟಕಾದಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಗ್ಲಿಷಿನ ‘ಕ್ಯಾಬ್’ ಬಂದದ್ದು ಫ್ರೆಂಚರ ‘ಕ್ಯಾಬ್ರಿಯೊಲೆ’ ಎಂಬ ಹಗುರ ಗಾಡಿಯಿಂದ. ಆ ಹೆಸರಿನ ಮೂಲದಲ್ಲಿರುವುದು ಮೇಕೆಯ ನೆಗೆತ. ‘ಕೋಚ್’ ಎಂಬುದು ಹಂಗೆರಿಯ ಕೋಚ್ ಎಂಬ ಹಳ್ಳಿಯ ಹೆಸರು. ಇಂಗ್ಲಿಷಿನ ‘ಕೋಚ್‌ಮನ್’ ಉತ್ತರ ಭಾರತದಲ್ಲಿ ‘ಕೋಚವಾನ್’ ಆಯಿತು. ‘ಟ್ಯಾಕ್ಸಿ’ಯಂತೂ ಬಾಡಿಗೆ ಅಳೆಯುವ ಮೀಟರಿನಿಂದ ಬಂದ ಹೆಸರು. ಕುಲುಕು, ನೆಗೆತ, ಹಳ್ಳಿ, ಮೀಟರು: ಇವುಗಳ ನಡುವೆ ನಮ್ಮ ಜಟಕಾದವನಿಗೆ ಮಾತ್ರ ಮನುಷ್ಯಸಂಬಂಧವನ್ನು ಸೂಚಿಸುವ ಪದ, ಒಡನಾಡಿ ಎಂಬ ಪದ, ಆಕಸ್ಮಿಕವಾಗಿಯಾದರೂ ದೊರಕಿತ್ತು.

ಗಾಡಿ ಓಡಿಸುವವನ ಹೆಸರನ್ನು ಗೌರವಕ್ಕೂ ಅವಮಾನಕ್ಕೂ ಏಕಕಾಲದಲ್ಲಿ ಬಳಸುವುದು ನಮಗೆ ಹೊಸದಲ್ಲ. ಮಹಾಭಾರತದಲ್ಲಿ ಸೂತ ಎಂದರೆ ರಥ ನಡೆಸುವವನು, ಕಥೆ ಹೇಳುವವನೂ ಅವನೇ. ಆದರೆ ತುಂಬಿದ ಸಭೆಯಲ್ಲಿ ಕರ್ಣನನ್ನು ಹಳಿಯಲು ಬಳಕೆಯಾದದ್ದು ‘ಸೂತಪುತ್ರ’ ಎಂಬ ಮಾತೇ. ಕರ್ಣನಿಗೆ ಸಾರಥಿಯಾಗಬೇಕೆಂದಾಗ ಮದ್ರದೇಶದ ಅರಸ ಶಲ್ಯ ಸಿಡಿದೆದ್ದ. ಅದೇ ಯುದ್ಧದಲ್ಲಿ ಅದೇ ಕೆಲಸಕ್ಕೆ ಕುಳಿತ ಕೃಷ್ಣನನ್ನು ಪಾರ್ಥಸಾರಥಿ ಎಂದು ಪೂಜಿಸುತ್ತೇವೆ. ಕೆಲಸ ಒಂದೇ. ಅದನ್ನು ಮಾಡುವವನ ಹಿಂದೆ ಯಾವ ಬಲವಿದೆ ಎಂಬುದರ ಮೇಲೆ ಹೆಸರಿನ ಬೆಲೆ ನಿಂತಿದೆ.

ಸಾಬ ಎಂಬ ಪದಕ್ಕೂ ಇದೇ ಮಾತು ಸಲ್ಲುತ್ತದೆ. 1983ರ ನಂತರ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಹಳ್ಳಿಗರು ‘ನೀರ್ ಸಾಬ್’ ಎಂದು ಕರೆದರು. ಕೊಳವೆಬಾವಿಗಳ ಮೂಲಕ ಹಳ್ಳಿಗಳಿಗೆ ಕುಡಿಯುವ ನೀರು ತಲುಪಿಸಿದ್ದಕ್ಕೆ ಜನ ಕೊಟ್ಟ ಬಿರುದು ಅದು. ಆಗ ಕಿರಿಯ ಅಧಿಕಾರಿಯಾಗಿದ್ದ ನಾನು ಆ ಹೆಸರನ್ನು ಹಳ್ಳಿಗಳಲ್ಲಿ ಕಿವಿಯಾರೆ ಕೇಳಿದ್ದೇನೆ. ಅದರಲ್ಲಿ ತಿರಸ್ಕಾರದ ಲೇಶವೂ ಇರಲಿಲ್ಲ. ಪದಗಳನ್ನು ಕೆಡಿಸುವವರೂ ನಾವೇ, ತೊಳೆಯುವವರೂ ನಾವೇ.

ಇನ್ನು ನನ್ನ ಸ್ವಂತ ಕಡತಕ್ಕೆ ಬರುತ್ತೇನೆ.

1987ರಲ್ಲಿ ನಾನು ಒಂದು ತಾಲ್ಲೂಕು ಕೇಂದ್ರದಲ್ಲಿದ್ದೆ. ಆ ಊರಿನ ಬಸ್ ನಿಲ್ದಾಣದ ಎದುರು ಹನ್ನೊಂದು ಜಟಕಾಗಳ ಅಡ್ಡೆಯಿತ್ತು. ಬಸ್ಸುಗಳು ಹೆಚ್ಚಾಗಿದ್ದವು, ಆಟೊರಿಕ್ಷಾಗಳು ಬಂದಿದ್ದವು, ಲದ್ದಿಯ ವಾಸನೆಯ ಬಗ್ಗೆ ವರ್ತಕರ ದೂರುಗಳಿದ್ದವು. ಅಡ್ಡೆಯನ್ನು ಸಂತೆ ಮೈದಾನದ ಹಿಂಬದಿಗೆ ವರ್ಗಾಯಿಸಬೇಕೆಂಬ ಪ್ರಸ್ತಾವ ನನ್ನ ಮೇಜಿಗೆ ಬಂತು. ನಾನು ಸಹಿ ಮಾಡಿದೆ. ಸಂಚಾರದ ದೃಷ್ಟಿಯಿಂದ ಆ ಆದೇಶ ಸರಿಯಾಗಿಯೇ ಇತ್ತು ಎಂದು ಇಂದಿಗೂ ಹೇಳಬಲ್ಲೆ. ನಾಲ್ಕು ದಿನಗಳ ಬಳಿಕ ಜಟಕಾದವರು ಒಂದು ಅರ್ಜಿ ತಂದರು. ‘ಸಾಹೇಬರ ಸನ್ನಿಧಾನಕ್ಕೆ’ ಎಂದು ಅದರ ಮೊದಲ ಸಾಲು. ನನ್ನ ಗುಮಾಸ್ತರು ಕಡತದ ಅಂಚಿನಲ್ಲಿ ಬರೆದ ಟಿಪ್ಪಣಿ: ‘ಜಟಕಾ ಸಾಬಿಗಳ ಮನವಿ’. ಮೇಜಿನ ಈಚೆಗೆ ಒಬ್ಬ ಸಾಹೇಬ, ಆಚೆಗೆ ಹನ್ನೊಂದು ಸಾಬಿಗಳು. ಆಗ ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಅವರಲ್ಲಿ ಹಿರಿಯರಾದ ಒಬ್ಬರು ಮಾತನಾಡಿದರು. ಬಸ್ಸಿನಿಂದ ಇಳಿದವರು ನೂರು ಗಜ ನಡೆದು ಜಟಕಾ ಹುಡುಕುವುದಿಲ್ಲ, ಆಟೊ ಹತ್ತುತ್ತಾರೆ ಎಂದರು. ಬಾಡಿಗೆ ಇಲ್ಲದ ದಿನವೂ ಕುದುರೆಗೆ ಹಸಿವಾಗುತ್ತದೆ ಎಂದರು. ಎಂ.ಎ. ತರಗತಿಯಲ್ಲಿ ಸ್ಥಿರವೆಚ್ಚ, ಚರವೆಚ್ಚಗಳ ರೇಖಾಚಿತ್ರ ಬರೆದು ಅಂಕ ಗಳಿಸಿದ್ದ ನನಗೆ ಆ ವ್ಯತ್ಯಾಸವನ್ನು ಅಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಲ್ಲ. ಆಟೊ ನಿಂತರೆ ಪೆಟ್ರೋಲಿನ ಖರ್ಚು ನಿಲ್ಲುತ್ತದೆ. ಕುದುರೆ ನಿಂತರೂ ಹುರುಳಿ, ಹುಲ್ಲು, ಲಾಳದ ಖರ್ಚು ನಿಲ್ಲುವುದಿಲ್ಲ. ಆದ್ದರಿಂದ ಬಾಡಿಗೆ ಸ್ವಲ್ಪವೇ ಇಳಿದರೂ ಜಟಕಾದವನು ಮೊದಲು ತನ್ನ ಮನೆಯ ಊಟವನ್ನು ಕಡಿತಗೊಳಿಸುತ್ತಾನೆ, ಆಮೇಲೆ ಕುದುರೆಯ ಮೇವನ್ನು. ಇನ್ನೊಂದು ಕಷ್ಟವೂ ಇತ್ತು. ಕುದುರೆಯೇ ಅವನ ಬಂಡವಾಳ. ವೃತ್ತಿಗೆ ಭವಿಷ್ಯವಿಲ್ಲವೆಂದು ಎಲ್ಲರಿಗೂ ಒಟ್ಟಿಗೇ ತಿಳಿದಾಗ ಎಲ್ಲರೂ ಒಟ್ಟಿಗೇ ಮಾರಲು ಹೊರಡುತ್ತಾರೆ, ಕೊಳ್ಳುವವರು ಯಾರೂ ಇರುವುದಿಲ್ಲ. ಜಟಕಾ ಮಾರಿ ಆಟೊ ಕೊಳ್ಳಬಹುದಲ್ಲ ಎಂದು ಆಗ ಸಲೀಸಾಗಿ ಹೇಳಿದವರಲ್ಲಿ ನಾನೂ ಒಬ್ಬ. ಆ ಲೆಕ್ಕ ಕೂಡುವುದಿಲ್ಲವೆಂದು ನನ್ನ ಓದೇ ನನಗೆ ಹೇಳಬೇಕಾಗಿತ್ತು.

ಅರ್ಜಿಯನ್ನು ‘ಪರಿಶೀಲಿಸಲಾಗಿದೆ’ ಎಂಬ ಷರಾ ಬರೆದು ಮುಕ್ತಾಯಗೊಳಿಸಿದೆ. ನಗರಪ್ರದೇಶದ ಬಡವರ ಸ್ವಯಂ ಉದ್ಯೋಗಕ್ಕೆ ಬ್ಯಾಂಕ್ ಸಾಲ ಮತ್ತು ಸಹಾಯಧನ ನೀಡುವ ಕೇಂದ್ರದ ಯೋಜನೆಯೊಂದು 1986ರಲ್ಲಿಯೇ ಜಾರಿಗೆ ಬಂದಿತ್ತು. ಆ ಹನ್ನೊಂದು ಮಂದಿಯ ಹೆಸರನ್ನು ಬ್ಯಾಂಕಿಗೆ ಶಿಫಾರಸು ಮಾಡಲು ನನಗೆ ಒಂದು ಪತ್ರ ಸಾಕಾಗುತ್ತಿತ್ತು. ಬರೆಯಲಿಲ್ಲ. ದ್ವೇಷದಿಂದಲ್ಲ; ಹೊಳೆಯಲಿಲ್ಲ, ಅಷ್ಟೇ. ಅಡ್ಡೆಯ ಪ್ರಶ್ನೆ ನನ್ನ ಮಟ್ಟಿಗೆ ಸಂಚಾರದ ಪ್ರಶ್ನೆಯಾಗಿತ್ತು, ಜೀವನೋಪಾಯದ ಪ್ರಶ್ನೆಯಾಗಿರಲಿಲ್ಲ. ಎರಡು ವರ್ಷಗಳಲ್ಲಿ ಸಂತೆ ಮೈದಾನದ ಹಿಂದೆ ಮೂರು ಜಟಕಾಗಳು ಉಳಿದಿದ್ದವು.

ನನಗೆ ವರ್ಗವಾದ ದಿನ ಇಲಾಖೆಯ ಜೀಪು ಕೆಟ್ಟಿತ್ತು. ಟ್ರಂಕು, ಹಾಸಿಗೆ ಸುರುಳಿಗಳೊಡನೆ ರೈಲು ನಿಲ್ದಾಣಕ್ಕೆ ಹೋದದ್ದು ಆ ಹಿರಿಯರ ಜಟಕಾದಲ್ಲಿಯೇ. ದಾರಿಯಲ್ಲಿ ಅವರು ಆದೇಶದ ಸುದ್ದಿ ಎತ್ತಲಿಲ್ಲ. ಮುಂದಿನ ಊರಿನ ನೀರು ಹೇಗೆ, ಮಗುವಿಗೆ ಶಾಲೆ ಇದೆಯೇ ಎಂದು ವಿಚಾರಿಸಿದರು. ಇಳಿದ ಮೇಲೆ ಪುರಸಭೆ ಗೊತ್ತುಮಾಡಿದ ದರಕ್ಕಿಂತ ಎರಡು ರೂಪಾಯಿ ಹೆಚ್ಚು ಕೊಟ್ಟೆ. ಅವರು ಆ ಎರಡು ರೂಪಾಯಿಯನ್ನು ಹಿಂದಕ್ಕೆ ಕೊಟ್ಟರು. ನಿಯಮವನ್ನು ನನಗಿಂತ ಚೆನ್ನಾಗಿ ಪಾಲಿಸಿದವರು ಅವರು. ಅವರ ಹೆಸರನ್ನು ನಾನು ಕೇಳಲಿಲ್ಲ. ಅರ್ಜಿಯಲ್ಲಿ ಹನ್ನೊಂದು ಹೆಬ್ಬೆಟ್ಟು, ಸಹಿಗಳಿದ್ದವು. ಯಾವುದು ಅವರದೆಂದು ತಿಳಿಯದು.

ಈ ತಪ್ಪು ನನ್ನೊಬ್ಬನದೇ ಆಗಿದ್ದರೆ ಪತ್ರಿಕೆಯ ಜಾಗವನ್ನು ಅದಕ್ಕಾಗಿ ಕೇಳುತ್ತಿರಲಿಲ್ಲ. ಕಾನೂನಿನ ರಚನೆಯಲ್ಲಿಯೇ ಇಂಥ ಮರೆವು ಇದೆ. ಕೇಂದ್ರ ಸರ್ಕಾರ 1965ರಲ್ಲಿ ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಮೇಲಿನ ಹಿಂಸೆಯನ್ನು ತಡೆಯಲು ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಕುದುರೆಯನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಕಟ್ಟುವಂತಿಲ್ಲ. ಬಹಳ ಒಳ್ಳೆಯ ನಿಯಮಗಳು. ಮಾತಿಲ್ಲದ ಜೀವಕ್ಕೆ ಕಾನೂನಿನ ರಕ್ಷಣೆ ಬೇಕೇ ಬೇಕು. ಆದರೆ ಆ ಕುದುರೆಯ ಹಿಂದೆ ಅದೇ ಬಿಸಿಲಿನಲ್ಲಿ ಕುಳಿತ ಮನುಷ್ಯನ ದುಡಿಮೆಗೆ ಎಷ್ಟು ಗಂಟೆಯ ಮಿತಿ? ಮೋಟಾರು ಸಾರಿಗೆ ಕಾರ್ಮಿಕರಿಗೆ 1961ರ ಕಾಯ್ದೆ ದಿನಕ್ಕೆ 8 ಗಂಟೆಯ ಮಿತಿ ಹಾಕಿತ್ತು, ಅದೂ ನಿಗದಿತ ಸಂಖ್ಯೆಯ ನೌಕರರಿರುವ ಸಂಸ್ಥೆಗಳಲ್ಲಿ. ಸ್ವಂತ ಗಾಡಿಯವನು ಯಾರ ನೌಕರನೂ ಅಲ್ಲ. ಆದ್ದರಿಂದ ಯಾವ ರಕ್ಷಣೆಯೂ ಅವನದಲ್ಲ.

ಮುಂಬಯಿಯ ವಿಕ್ಟೋರಿಯಾ ಗಾಡಿಗಳ ಪ್ರಕರಣವನ್ನು ಇಲ್ಲಿ ನೆನೆಯಬಹುದು. 2015ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಮನರಂಜನೆಗಾಗಿ ಓಡುವ ಆ ಗಾಡಿಗಳು ಕಾನೂನುಬಾಹಿರವೆಂದು ತೀರ್ಪಿತ್ತು, ಅವುಗಳನ್ನು ನಿಲ್ಲಿಸಲು ಒಂದು ವರ್ಷದ ಗಡುವು ಕೊಟ್ಟಿತು. ಕುದುರೆಗಳ ಸ್ಥಿತಿಯನ್ನು ಕಂಡವರು ಆ ತೀರ್ಪನ್ನು ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಆ ತೀರ್ಪಿನಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು ಅಂಶ. ಆ ವೃತ್ತಿಯನ್ನು ನಂಬಿದ ಕುಟುಂಬಗಳ ಪುನರ್ವಸತಿಯ ಬಗ್ಗೆ ಯೋಚಿಸುವಂತೆ ನ್ಯಾಯಾಲಯ ಸರ್ಕಾರಕ್ಕೆ ಹೇಳಿತು. ಒಂದು ವೃತ್ತಿಯನ್ನು ಮುಚ್ಚುವ ಅಧಿಕಾರವಿರುವವರಿಗೆ ಆ ವೃತ್ತಿಯವರ ನಾಳೆಯ ಹೊಣೆಯೂ ಇದೆ ಎಂಬುದೇ ಅದರ ತಾತ್ಪರ್ಯ. 1987ರಲ್ಲಿ ನನ್ನ ಆದೇಶದಲ್ಲಿ ಇಲ್ಲದಿದ್ದದ್ದು ಅದೇ ವಾಕ್ಯ.

ನಮ್ಮ ಮೈಸೂರಿನಲ್ಲಿ ಟಾಂಗಾಗಳು, ಸಾರೋಟುಗಳು ಪ್ರವಾಸಿಗರಿಗಾಗಿ ಉಳಿದುಕೊಂಡಿವೆ. ದಸರೆಯ ಹೊತ್ತಿಗೆ ಪಾರಂಪರಿಕ ಟಾಂಗಾ ಸವಾರಿ ನಡೆಯುತ್ತದೆ. ದಂಪತಿಗಳು ರೇಷ್ಮೆಯುಟ್ಟು ಅರಮನೆಯ ಸುತ್ತ ಸುತ್ತುತ್ತಾರೆ, ಮರುದಿನ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಸಂತೋಷ. ಆದರೆ ಪರಂಪರೆ ಎಂಬುದು ಗಾಡಿಗೆ ಮಾತ್ರ ಸಲ್ಲುವ ಗೌರವವೇ? ಉಳಿದ ದಿನಗಳಲ್ಲಿ ಆ ಗಾಡಿಯವನ ಸಂಪಾದನೆ ಎಷ್ಟು, ಅವನ ಕುದುರೆಗೆ ಪಶುವೈದ್ಯರು ಸಿಗುತ್ತಾರೆಯೇ ಎಂಬುದೂ ಪರಂಪರೆಯ ಲೆಕ್ಕಕ್ಕೆ ಸೇರಬೇಕಲ್ಲವೇ?

ಈಗ ನಾನು ಆರಂಭದಲ್ಲಿ ಹೇಳಿದ ಕಾರಣಕ್ಕೆ ಬರುತ್ತೇನೆ. ಕಳೆದ ತಿಂಗಳು ಬೆಂಗಳೂರಿನಲ್ಲಿ ವೈದ್ಯರ ಬಳಿಗೆ ಹೋಗಲು ಮೊಬೈಲಿನಲ್ಲಿ ಆಟೊ ತರಿಸಿದೆ. ಚಾಲಕನನ್ನು ಆ ಸಂಸ್ಥೆ ಕರೆಯುವುದು ‘ಪಾರ್ಟ್ನರ್’ ಎಂದು. ಪಾಲುದಾರ, ಜೊತೆಗಾರ. ‘ಸಾಹಿಬ್’ ಪದದ ಮೂಲಾರ್ಥವನ್ನು ಕನ್ನಡಿಸಲು ಇದಕ್ಕಿಂತ ಹತ್ತಿರದ ಪದ ಇನ್ನೊಂದಿಲ್ಲ! ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಹತ್ತರವರೆಗೆ ಓಡಿಸುವುದಾಗಿ ಆ ಯುವಕ ಹೇಳಿದ. ಆಟೊದ ಸಾಲದ ಕಂತು ಓಡಿದರೂ ಕಟ್ಟಬೇಕು, ಓಡದಿದ್ದರೂ ಕಟ್ಟಬೇಕು. ಬಾಡಿಗೆಯ ದರವನ್ನು ಗೊತ್ತುಮಾಡುವವನು ಅವನಲ್ಲ. ಯಾರೋ ಕೊಟ್ಟ ಕಡಿಮೆ ಅಂಕದಿಂದ ಒಂದು ವಾರ ತನ್ನ ಖಾತೆಯೇ ಮುಚ್ಚಿಹೋಗಿತ್ತು, ಕೇಳಲು ಯಾವ ಕಚೇರಿಯೂ ಇರಲಿಲ್ಲ ಎಂದ. ನನಗೆ ಆ ಹಿರಿಯರ ಮಾತು ನೆನಪಾಯಿತು. ಬಾಡಿಗೆ ಇಲ್ಲದ ದಿನವೂ ಹಸಿಯುವ ಕುದುರೆಯ ಜಾಗಕ್ಕೆ ಈಗ ಸಾಲದ ಕಂತು ಬಂದಿದೆ. ಜಟಕಾದವರಿಗೆ ಅರ್ಜಿ ಹಿಡಿದು ಬರಲು ಒಂದು ಮೇಜಾದರೂ ಇತ್ತು. ಆ ಮೇಜಿನ ಹಿಂದೆ ನನ್ನಂಥವನಿದ್ದ ಎಂಬುದು ಬೇರೆ ಮಾತು.

ಕರ್ನಾಟಕವು 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯ್ದೆ ತಂದಿದೆ. 2023ರಲ್ಲಿ ರಾಜಸ್ಥಾನ ಇಂಥ ಕಾಯ್ದೆಯನ್ನು ಮೊದಲು ಮಾಡಿತ್ತು. ಕಾರ್ಮಿಕರ ನೋಂದಣಿ, ಕಲ್ಯಾಣ ಮಂಡಳಿ, ಸಂಸ್ಥೆಗಳಿಂದ ಸಂಗ್ರಹಿಸುವ ಶುಲ್ಕದ ನಿಧಿ, ಕಾರಣ ಕೊಡದೆ ಕೆಲಸದಿಂದ ತೆಗೆಯುವುದಕ್ಕೆ ತಡೆ ಇವೆಲ್ಲ ನಮ್ಮ ಕಾಯ್ದೆಯಲ್ಲಿವೆ. ಸ್ವಾಗತಾರ್ಹ ಹೆಜ್ಜೆ. ಆದರೆ ಹೊಸ ಕಾನೂನು ಎಂದಾಗಲೆಲ್ಲ ನನಗೆ ಸಾದತ್ ಹಸನ್ ಮಂಟೊ ಅವರ ‘ನಯಾ ಕಾನೂನ್’ ಕಥೆ ನೆನಪಾಗುತ್ತದೆ. ಲಾಹೋರಿನ ಕೋಚವಾನ್ ಮಂಗೂ ಅದರ ನಾಯಕ. ಅಡ್ಡೆಯವರೆಲ್ಲ ಅವನನ್ನು ‘ಉಸ್ತಾದ್’ ಎಂದು ಕರೆಯುತ್ತಾರೆ. ಏಪ್ರಿಲ್ ಒಂದರಂದು ಹೊಸ ಕಾನೂನು ಬಂದು ಎಲ್ಲವೂ ಬದಲಾಗುತ್ತದೆ ಎಂದು ನಂಬಿದ ಅವನು, ಅಂದು ತನ್ನನ್ನು ಹೀಗಳೆದ ಬಿಳಿಯ ಸೈನಿಕನಿಗೆ ಹೊಡೆದು ಠಾಣೆ ಸೇರುತ್ತಾನೆ. ಕಾನೂನು ಹಳೆಯದೇ ಎಂದು ಅಲ್ಲಿ ಅವನಿಗೆ ತಿಳಿಯುತ್ತದೆ. ಗೌರವದ ಹೆಸರಿದ್ದೂ ಹಕ್ಕಿಲ್ಲದವನ ಸ್ಥಿತಿ ಅದು.

ನಮ್ಮ ಕಾಯ್ದೆಯ ಗತಿಯೂ ಹಾಗಾಗಬಾರದೆಂದರೆ ಮಾಡಬೇಕಾದ್ದು ಕೆಲವೇ ಕೆಲಸ. ದೂರು ಹೇಳಿಕೊಳ್ಳಲು ಪ್ರತಿ ಜಿಲ್ಲೆಯಲ್ಲೂ ಮನುಷ್ಯರು ಕುಳಿತ ಕಚೇರಿ ಇರಬೇಕು. ದುಡಿಮೆಯ ಗಂಟೆಗಳಿಗೆ ಮಿತಿ ಬೇಕು. 1965ರಲ್ಲಿ ಕುದುರೆಗೆ ಕೊಟ್ಟದ್ದನ್ನು ಇಷ್ಟು ವರ್ಷಗಳ ನಂತರ ಮನುಷ್ಯನಿಗೂ ಕೊಡುವುದು ದುಂದು ಎನಿಸಲಾರದು. ಚಾಲಕನೇ ಬೇಡದ ವಾಹನಗಳು ಹೊರದೇಶಗಳ ಕೆಲವು ನಗರಗಳಲ್ಲಿ ಆಗಲೇ ಬಾಡಿಗೆಗೆ ಓಡುತ್ತಿವೆ. ಇಂದಲ್ಲ ನಾಳೆ ಆ ಕಡತವೂ ನಮ್ಮ ಯಾವುದೋ ಅಧಿಕಾರಿಯ ಮೇಜಿಗೆ ಬರುತ್ತದೆ. ವೃತ್ತಿಯೊಂದನ್ನು ಸ್ಥಳಾಂತರಿಸುವ, ನಿರ್ಬಂಧಿಸುವ ಅಥವಾ ಕೊನೆಗಾಣಿಸುವ ಪ್ರತಿ ಆದೇಶದಲ್ಲಿಯೂ ‘ಈ ವೃತ್ತಿಯವರ ಮುಂದಿನ ಜೀವನೋಪಾಯ’ ಎಂಬ ಒಂದು ಕಂಡಿಕೆ ಕಡ್ಡಾಯವಾಗಬೇಕು. ಅದಿಲ್ಲದ ಆದೇಶಕ್ಕೆ ಸಹಿ ಬೀಳಬಾರದು.

ಪದಗಳನ್ನು ಬದಲಿಸುವುದು ಸುಲಭ. ಸಾಬಿ ಎನ್ನುವುದನ್ನು ಬಿಟ್ಟು ಚಾಲಕ ಎಂದೆವು, ಚಾಲಕ ಎನ್ನುವುದನ್ನು ಬಿಟ್ಟು ಪಾರ್ಟ್ನರ್ ಎನ್ನುತ್ತಿದ್ದೇವೆ. ಒಡನಾಡಿ ಎಂಬ ಅರ್ಥದ ಹೆಸರನ್ನು ಎರಡು ಸಲ ಕೊಟ್ಟಾಯಿತು. ಒಡನಾಡಿಗೆ ಸಲ್ಲಬೇಕಾದದ್ದನ್ನು ಒಮ್ಮೆಯಾದರೂ ಕೊಡಬೇಕಲ್ಲವೇ? ಆ ಹನ್ನೊಂದು ಮಂದಿಯ ಬಗ್ಗೆ ನಾನು ಬರೆಯದೆ ಬಿಟ್ಟ ಪತ್ರವನ್ನು ಈಗ ಯಾರಿಗೂ ಕಳುಹಿಸಲಾರೆ. ಮುಂದೆ ಆ ಮೇಜಿನ ಹಿಂದೆ ಕೂರುವವರಾದರೂ ಇದನ್ನು ಓದಲಿ ಎಂದು ಬರೆದಿದ್ದೇನೆ.